ಕೊಡುವ ಕೈಯ ಇಂಗ್ಲಿಷ್

ಇಂಗ್ಲಿಷ್ ಪರೀಕ್ಷೆಗೆ ಓದುವ ಮಕ್ಕಳ ಗೈಡುಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಎಡಗಡೆ ಒಂದು ಪದ, ಬಲಗಡೆ ನಾಲ್ಕು. ಜೆನರಸ್ ಎಂದರೆ ಲಿಬರಲ್, ಕೈಂಡ್, ಚಾರಿಟಬಲ್, ಮ್ಯುನಿಫಿಸೆಂಟ್. ಹೆಲ್ಪ್ ಎಂದರೆ ಏಡ್, ಅಸಿಸ್ಟ್, ಸಪೋರ್ಟ್, ಸಕರ್. ಬೆಳಗಿನ ಜಾವ ಎದ್ದು ತೂಕಡಿಸುತ್ತಾ ಇದನ್ನು ಮಗ್ಗಿಯಂತೆ ಉರುಹೊಡೆಯುವ ಹುಡುಗನಿಗೆ ಅವೆಲ್ಲ ಒಂದೇ. ಕಾಫಿ ಲೋಟ ಹಿಡಿದುಕೊಂಡು ಪಾಠ ಒಪ್ಪಿಸಿಕೊಳ್ಳುವ ತಾಯಿಗೂ ಒಂದೇ. ಒಂದು ಪದಕ್ಕೆ ಒಂದು ಅಂಕ. ಅಂಕ ಸಿಕ್ಕ ಮೇಲೆ ಪದದ ಕಥೆ ಯಾರಿಗೆ ಬೇಕು?

ಆದರೆ ಯಾವ ಭಾಷೆಯೂ ಅಷ್ಟು ದುಂದುಗಾರ ಸಂಸಾರವಲ್ಲ. ಒಂದೇ ಕೆಲಸಕ್ಕೆ ಐದು ಆಳುಗಳನ್ನಿಟ್ಟುಕೊಂಡು ಅದು ಸಂಬಳ ಕೊಡುವುದಿಲ್ಲ. ನೆರವು, ಔದಾರ್ಯಗಳಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಕೊಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವು ತಪ್ಪದೆ ಹೇಳುತ್ತವೆ. ಕೆಲವದರಲ್ಲಿ ಅವನು ಕೆಳಗೆ ನಿಂತಿದ್ದಾನೆ, ಕೆಲವದರಲ್ಲಿ ಪಕ್ಕದಲ್ಲಿ, ಇನ್ನು ಕೆಲವದರಲ್ಲಿ ಮೇಲೆ. ಕೊಡುವವನ ವೇಷದಲ್ಲಿ ತೆಗೆದುಕೊಳ್ಳುವವನೇ ನಿಂತಿರುವ ಪದಗಳೂ ಇವೆ. ಕಾಲೇಜಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಈ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು.

ಮೊದಲು ಕೆಳಗೆ ನಿಂತವರನ್ನು ನೋಡೋಣವೆಂದರೆ ಸಪೋರ್ಟ್ ಪದವೇ ಸಿಗುತ್ತದೆ. ಲ್ಯಾಟಿನ್ನಿನ ಸಬ್ ಎಂದರೆ ಕೆಳಗಿನಿಂದ. ಪೋರ್ಟಾರೆ ಎಂದರೆ ಹೊರುವುದು. ಸಪೋರ್ಟ್ ಎಂದರೆ ಕೆಳಗೆ ನಿಂತು ಹೊರುವುದು. ರೈಲು ನಿಲ್ದಾಣದಲ್ಲಿ ಕೆಂಪು ಅಂಗಿ ತೊಟ್ಟು ಟ್ರಂಕು ಹೊರುವ ಪೋರ್ಟರನ ಹೆಸರೂ ಇದೇ ಬೇರಿನಿಂದ ಬಂದದ್ದು. ಚುನಾವಣೆಯ ಕಾಲದಲ್ಲಿ ತಮ್ಮ ಸಪೋರ್ಟ್ ಯಾರಿಗೆಂದು ಎದೆಯುಬ್ಬಿಸಿ ಹೇಳುವವರು, ತಾವು ಹೇಳುತ್ತಿರುವುದು ಹಮಾಲಿಯ ಭಾಷೆ ಎಂಬುದನ್ನು ಮರೆತಿರುತ್ತಾರೆ. ಸಸ್ಟೇನ್ ಪದವೂ ಇದೇ ಜಾತಕದ್ದು. ಕೆಳಗಿನಿಂದ ಹಿಡಿದುಕೊಳ್ಳುವುದು ಎಂದು ಅದರ ಅರ್ಥ. ಮಕ್ಕಳನ್ನು ಓದಿಸುವ ತಂದೆತಾಯಿಗಳ ಕೆಲಸ ನಿಜವಾಗಿ ಸಪೋರ್ಟ್. ಹೊತ್ತವನು ಕಾಣುವುದಿಲ್ಲ, ಹೊತ್ತ ವಸ್ತು ಕಾಣುತ್ತದೆ.

ಅಸಿಸ್ಟ್ ಎಂದರೆ ಪಕ್ಕದಲ್ಲಿ ನಿಲ್ಲುವುದು. ಆಫೀಸಿನ ಅಸಿಸ್ಟೆಂಟ್ ಕುರ್ಚಿಯಲ್ಲಿ ಕುಳಿತೇ ಇರಬಹುದು, ಆದರೆ ಪದ ಅವನನ್ನು ನಿಲ್ಲಿಸಿಯೇ ಇಟ್ಟಿದೆ. ಸಕರ್ ಎಂಬ ಪದ ಈಗ ಪುಸ್ತಕಗಳಲ್ಲಿ ಬಿಟ್ಟರೆ ಹೆಚ್ಚು ಕಾಣುವುದಿಲ್ಲ. ಅದರೊಳಗೆ ಓಡುವುದು ಎಂಬ ಲ್ಯಾಟಿನ್ ಧಾತು ಇದೆ. ಕರೆಂಟ್ ಪದದಲ್ಲಿರುವುದೂ ಅದೇ. ಬಾವಿಗೆ ಬಿದ್ದವನ ಕೂಗು ಕೇಳಿ ಹಗ್ಗ ಹಿಡಿದು ಓಡುತ್ತಾರಲ್ಲ, ಅದು ಸಕರ್. ನಾಳೆ ಬಾ ಎನ್ನುವ ಆಫೀಸಿಗೆ ಈ ಪದ ಒಗ್ಗುವುದಿಲ್ಲ.

ಕನ್ನಡವೂ ಈ ಲೆಕ್ಕದಲ್ಲಿ ಹಿಂದುಳಿದಿಲ್ಲ. ಇಂಗ್ಲಿಷಿನವನು ಕೆಳಗಿನಿಂದ ಹೊತ್ತರೆ, ಕನ್ನಡದ ಬೆಂಬಲ ಬೆನ್ನ ಹಿಂದೆ ನಿಂತ ಬಲ. ಕೈಜೋಡಿಸುವುದು ಪಕ್ಕದವನ ಕೆಲಸ. ಹೆಗಲು ಕೊಡುವುದು ಜೊತೆಗೆ ಹೊರುವವನ ಕೆಲಸ. ಊರುಗೋಲು ನೆಲಕ್ಕೂ ಕೈಗೂ ನಡುವೆ ಇದ್ದು ನೆರವಾಗುತ್ತದೆ. ಈ ಮಾತುಗಳನ್ನು ದಿನವೂ ಆಡುವ ಮನೆಯ ಮಗುವಿಗೆ ಸಪೋರ್ಟ್, ಅಸಿಸ್ಟ್, ಬ್ಯಾಕಿಂಗ್ ಪದಗಳ ವ್ಯತ್ಯಾಸವನ್ನು ಗೈಡು ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ಒಮ್ಮೆ ಯೋಚಿಸಿದರೆ ಸಾಕು.

ಇನ್ನು ಪಟ್ಟಿಯ ಹಿರಿಯಣ್ಣ ಜೆನರಸ್. ಈ ಪದ ಹುಟ್ಟಿದಾಗ ಇದಕ್ಕೂ ಕೊಡುವುದಕ್ಕೂ ಏನೂ ಸಂಬಂಧವಿರಲಿಲ್ಲ. ಲ್ಯಾಟಿನ್ನಿನ ಜೀನಸ್ ಎಂದರೆ ಕುಲ, ವಂಶ. ಜೆನರಸ್ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವನು, ಅಷ್ಟೆ. 1600ರ ಆಸುಪಾಸಿನಲ್ಲಿ, ಷೇಕ್ಸ್‌ಪಿಯರನ ಕಾಲದಲ್ಲಿಯೂ ಅದೇ ಅರ್ಥ ನಡೆಯುತ್ತಿತ್ತು. ಒಥೆಲೊ ನಾಟಕದಲ್ಲಿ ಸೈಪ್ರಸ್ ದ್ವೀಪದ ಗಣ್ಯರನ್ನು ಜೆನರಸ್ ಎಂದು ಕರೆದಿದೆ. ಅವರು ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ. ಬದಲಿಗೆ ಒಥೆಲೊನ ಮನೆಗೆ ಊಟಕ್ಕೆ ಬಂದವರು! ಮುಂದೆ ಒಂದು ನೂರು ವರ್ಷದೊಳಗೆ ಪದ ನಿಧಾನವಾಗಿ ಹೊರಳಿಕೊಂಡಿತು. ದೊಡ್ಡ ಕುಲದವನು ದೊಡ್ಡ ಮನಸ್ಸಿನವನಾಗಿರಬೇಕು ಎಂಬ ನಿರೀಕ್ಷೆ ಮೊದಲು ಬಂತು. ಬಳಿಕ, ದೊಡ್ಡ ಮನಸ್ಸಿದ್ದರೆ ಸಾಕು, ಕುಲ ಕೇಳಬೇಕಾಗಿಲ್ಲ ಎಂದಾಯಿತು. ಇಂದು ಕೂಲಿ ಮಾಡುವವನು ತನ್ನ ಬುತ್ತಿಯನ್ನು ಹಂಚಿಕೊಂಡರೆ ಅವನು ಜೆನರಸ್. ಅರಮನೆಯಲ್ಲಿ ಹುಟ್ಟಿದವನು ಜಿಪುಣನಾದರೆ ಅವನಿಗೆ ಈ ಪದ ಸಲ್ಲುವುದಿಲ್ಲ.

ಕೈಂಡ್ ಪದದ ಕಥೆಯೂ ಇದೇ. ಅದು ಕಿನ್, ಎಂದರೆ ಬಂಧುಬಳಗ ಎಂಬ ಪದದ ಒಡಹುಟ್ಟು. ತನ್ನವರೊಡನೆ ಇರುವಂತೆ ಇತರರೊಡನೆ ಇರುವುದೇ ಕೈಂಡ್‌ನೆಸ್. ಸ್ವಾರಸ್ಯವೆಂದರೆ ಲ್ಯಾಟಿನ್ನಿನ ಜೀನಸ್, ಇಂಗ್ಲಿಷಿನ ಕಿನ್, ಸಂಸ್ಕೃತದ ಜನ, ಜನ್ಮ, ಜಾತಿ ಇವೆಲ್ಲ ದೂರದ ಒಂದೇ ಮೂಲದಿಂದ ಹೊರಟ ಪದಗಳು. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬ ಔದಾರ್ಯದ ದಾರಿ ಹಿಡಿದ, ಇನ್ನೊಬ್ಬ ಜಾತಿಯ ದಾರಿ ಹಿಡಿದ. ಪದಗಳಿಗೆ ಹುಟ್ಟನ್ನು ಮೀರಿ ನಡೆಯಲು ಸಾಧ್ಯವಾದರೆ ಮನುಷ್ಯರಿಗೆ ಯಾಕಾಗಬಾರದು?

ಮೇಲೆ ನಿಂತು ಕೊಡುವವನ ಪದ ಪೇಟ್ರನ್. ಪೇಟರ್ ಎಂದರೆ ತಂದೆ. ತಂದೆಯಂತೆ ಕಾಪಾಡುವವನು ಪೇಟ್ರನ್. ಕನ್ನಡದಲ್ಲಿಯೂ ಪೋಷಕರು ಎಂಬ ಒಂದೇ ಮಾತು ಶಾಲೆಯ ಸಭೆಗೆ ಬರುವ ತಂದೆತಾಯಿಗಳಿಗೂ ಸಂಘದ ಆಹ್ವಾನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಕಾಣಿಸಿಕೊಳ್ಳುವ ಶ್ರೀಮಂತರಿಗೂ ಸಲ್ಲುತ್ತದೆ. ಆದರೆ ಇಂಗ್ಲಿಷಿನಲ್ಲಿ ಪೇಟ್ರನೈಸ್ ಎಂಬ ಕ್ರಿಯಾಪದಕ್ಕೆ ಎರಡು ಮುಖಗಳಿವೆ. ಒಂದು, ಪೋಷಿಸುವುದು. ಇನ್ನೊಂದು, ಎದುರಿಗಿರುವವನನ್ನು ಏನೂ ತಿಳಿಯದ ಕೂಸೆಂದು ಭಾವಿಸಿ ತಲೆ ಸವರುವುದು. ಈ ಎರಡನೆಯ ಮುಖದ ಕಹಿಯನ್ನು ಚೆನ್ನಾಗಿ ಉಂಡವನು ಇಂಗ್ಲಿಷಿಗೆ ದೊಡ್ಡ ನಿಘಂಟು ಬರೆದುಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್.

ಪುಸ್ತಕದ ಅಂಗಡಿಯವನ ಮಗ ಜಾನ್ಸನ್. ದುಡ್ಡಿಲ್ಲದೆ ಆಕ್ಸ್‌ಫರ್ಡಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದವನು. 1746ರಲ್ಲಿ ಲಂಡನ್ನಿನ ಪ್ರಕಾಶಕರ ಮಾತಿಗೊಪ್ಪಿ ನಿಘಂಟಿನ ಕೆಲಸ ಹಿಡಿದ. ಮರುವರ್ಷ ಅದರ ಯೋಜನೆಯನ್ನು ಅಚ್ಚು ಹಾಕಿಸಿ ಲಾರ್ಡ್ ಚೆಸ್ಟರ್‌ಫೀಲ್ಡ್ ಎಂಬ ಗಣ್ಯನಿಗೆ ಅರ್ಪಿಸಿದ. ಗಣ್ಯನಿಂದ ಬಂದದ್ದು 10 ಪೌಂಡು. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಬಾಡಿಗೆ ಮನೆಯಲ್ಲಿ ಆರು ಮಂದಿ ಬರವಣಿಗೆಯವರನ್ನು ಇಟ್ಟುಕೊಂಡು, ನಡುವೆ 1752ರಲ್ಲಿ ಹೆಂಡತಿಯನ್ನು ಕಳೆದುಕೊಂಡು, ಜಾನ್ಸನ್ ಸುಮಾರು 42 ಸಾವಿರ ಪದಗಳ ಕೆಲಸವನ್ನು ಮುಗಿಸುತ್ತಾ ಬಂದ. ನಿಘಂಟು ಹೊರಬರುವ ಸುದ್ದಿ ಹರಡಿದಾಗ, 1754ರ ಕೊನೆಯಲ್ಲಿ, ಚೆಸ್ಟರ್‌ಫೀಲ್ಡ್ ಪತ್ರಿಕೆಯಲ್ಲಿ ಎರಡು ಲೇಖನ ಬರೆದು ಅದನ್ನು ಹೊಗಳಿದ. ಬೆಳೆ ಬಂದ ಮೇಲೆ ಹೊಲಕ್ಕೆ ಬಂದ ಪಾಲುದಾರನಂತೆ!

1755ರ ಫೆಬ್ರವರಿಯಲ್ಲಿ ಜಾನ್ಸನ್ ಅವನಿಗೆ ಒಂದು ಕಾಗದ ಬರೆದ. ಬೈಗುಳವಿಲ್ಲ, ಕೂಗಾಟವಿಲ್ಲ. ನೀರಿನಲ್ಲಿ ಮುಳುಗುತ್ತಿದ್ದವನನ್ನು ದಡದಲ್ಲಿ ನಿಂತು ನೋಡಿ, ಅವನು ತಾನೇ ಈಜಿ ದಡ ಸೇರಿದ ಮೇಲೆ ಸಹಾಯದ ಕಾಟ ಕೊಡುವವನಿಗೆ ಪೇಟ್ರನ್ ಎಂದು ಹೆಸರೇ ಎಂಬರ್ಥದ ಪ್ರಶ್ನೆಯನ್ನು ವಿನಯದಿಂದಲೇ ಕೇಳಿದ. ಏಪ್ರಿಲ್‌ನಲ್ಲಿ ನಿಘಂಟು ಬಂತು. ಅದರಲ್ಲಿ ಪೇಟ್ರನ್ ಪದಕ್ಕೆ ಅರ್ಥ ಬರೆಯುವಾಗ, ಜಂಭದಿಂದ ನೆರವಾಗಿ ಮುಖಸ್ತುತಿಯನ್ನು ವಸೂಲು ಮಾಡುವವರಿಗೂ ಒಂದು ಪೆಟ್ಟು ಕೊಟ್ಟಿದ್ದ. ನಿಘಂಟಿನಲ್ಲಿ ಸ್ವಂತ ಸಿಟ್ಟಿಗೆ ಜಾಗವಿರಬಾರದು, ನಿಜ. ಆದರೆ ಆ ಸಿಟ್ಟು ಜಾನ್ಸನ್‌ನೊಬ್ಬನದೇ ಆಗಿರಲಿಲ್ಲ. ದೊಡ್ಡವರ ಮನೆಯ ಹಜಾರದಲ್ಲಿ ಕಾದು ಕುಳಿತ ಎಲ್ಲ ಬಡ ವಿದ್ವಾಂಸರದೂ ಆಗಿತ್ತು.

ಇಂಥದೇ ಇನ್ನೊಂದು ಪದ ಕಂಡಿಸೆಂಡ್. ಮೇಲಿನಿಂದ ಇಳಿದು ಬರುವುದು ಎಂದು ಅದರ ಮೂಲಾರ್ಥ. ಒಂದು ಕಾಲಕ್ಕೆ ಅದು ಹೊಗಳಿಕೆಯ ಮಾತು. 1813ರಲ್ಲಿ ಬಂದ ಜೇನ್ ಆಸ್ಟೆನ್‌ಳ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿಯಲ್ಲಿ ಕಾಲಿನ್ಸ್ ಎಂಬ ಪಾದ್ರಿ ತನ್ನ ಆಶ್ರಯದಾತೆಯ ಕಂಡಿಸೆನ್ಷನ್ನನ್ನು ಬಾಯಿತುಂಬ ಹೊಗಳುತ್ತಾನೆ. ಈಗ ಅದು ಬೈಗುಳ. ಇಳಿದು ಬಂದೆನೆಂದು ತೋರಿಸಿಕೊಳ್ಳುವುದಕ್ಕೆ ಮೊದಲು ತಾನು ಮೇಲಿದ್ದೇನೆಂದು ನಂಬಿರಬೇಕಷ್ಟೆ. ಸಮಾನತೆಯ ಕಾಲ ಬಂದಂತೆ ಪದದ ಬಣ್ಣ ಕೆಟ್ಟಿತು.

ಚಾರಿಟಿಯ ಪಾಡು ಇದಕ್ಕಿಂತ ನೋವಿನದು. ಲ್ಯಾಟಿನ್ನಿನ ಕಾರಸ್ ಎಂದರೆ ಪ್ರಿಯವಾದ. ಕಾರಿಟಾಸ್ ಎಂದರೆ ಪ್ರೀತಿ. ಬೈಬಲ್ಲನ್ನು ಇಂಗ್ಲಿಷಿಗೆ ತಂದವರಿಗೇ ಈ ಪದದ ಬಗ್ಗೆ ಒಮ್ಮತವಿರಲಿಲ್ಲ. ಪ್ರೀತಿಯ ಹಿರಿಮೆಯನ್ನು ಹೇಳುವ ಹೆಸರಾಂತ ಅಧ್ಯಾಯವೊಂದರಲ್ಲಿ 1526ರ ಟಿಂಡೇಲ್ ಲವ್ ಎಂದು ಬರೆದ. 1611ರ ವಿದ್ವಾಂಸರು ಅಲ್ಲಿ ಚಾರಿಟಿ ಎಂದಿಟ್ಟರು. 1881ರ ಪರಿಷ್ಕರಣದಲ್ಲಿ ಮತ್ತೆ ಲವ್ ಬಂತು. ಅಷ್ಟರಲ್ಲಿ ಚಾರಿಟಿ ಹುಂಡಿಗೆ ಹಾಕುವ ಚಿಲ್ಲರೆಯಾಗಿ ಹೋಗಿತ್ತು. ಪ್ರೀತಿ ಆವಿಯಾಗಿ ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಭಿಕ್ಷೆ. ಇಂದು ಸ್ವಾಭಿಮಾನಿಯಾದ ಬಡವ ತನಗೆ ಚಾರಿಟಿ ಬೇಡವೆನ್ನುತ್ತಾನೆ. ಅವನು ಬೇಡವೆನ್ನುತ್ತಿರುವುದು ಪ್ರೀತಿಯನ್ನಲ್ಲ, ಪ್ರೀತಿಯಿಲ್ಲದ ಕೊಡುವಿಕೆಯನ್ನು.

ಹಾಗಿದ್ದರೆ ಮೇಲೂ ಅಲ್ಲದ ಕೆಳಗೂ ಅಲ್ಲದ, ಸಮನೆಲದ ಕೊಡುವಿಕೆಗೆ ಪದವಿಲ್ಲವೆ? ಇದೆ, ಅದು ಅನಿರೀಕ್ಷಿತ ಸ್ಥಳದಲ್ಲಿದೆ. ಮ್ಯುನಿಫಿಸೆಂಟ್ ಎಂಬ ಉದ್ದನೆಯ ಪದದೊಳಗೆ ಮ್ಯೂನಸ್ ಎಂಬ ಲ್ಯಾಟಿನ್ ಪದ ಕುಳಿತಿದೆ. ಅದಕ್ಕೆ ಕೊಡುಗೆ ಎಂದೂ ಅರ್ಥ, ಕರ್ತವ್ಯ ಎಂದೂ ಅರ್ಥ. ಕರ್ತವ್ಯಗಳನ್ನು ವಹಿಸಿಕೊಂಡವರ ಊರು ಮುನಿಸಿಪಾಲಿಟಿ. ಹೊರೆಯನ್ನು ಕೂಡಿ ಹೊರುವವರ ಗುಂಪು ಕಮ್ಯುನಿಟಿ. ಆ ಹೊರೆಯಿಂದ ವಿನಾಯಿತಿ ಪಡೆದವನು ಇಮ್ಯೂನ್. 2020ರ ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬಂದ ಇಮ್ಯುನಿಟಿ ಮೊದಲು ವೈದ್ಯರ ಮಾತಾಗಿರಲಿಲ್ಲ. ತೆರಿಗೆಯಿಂದಲೋ ಬಿಟ್ಟಿ ಚಾಕರಿಯಿಂದಲೋ ತಪ್ಪಿಸಿಕೊಂಡವರ ಮಾತಾಗಿತ್ತು. ಊರಿನ ನಲ್ಲಿ, ದೀಪ, ಶಾಲೆ ಇವೆಲ್ಲ ಯಾರೋ ಒಬ್ಬ ಪುಣ್ಯಾತ್ಮ ಕೊಟ್ಟದ್ದಲ್ಲ, ಎಲ್ಲರೂ ಕಟ್ಟಿದ ಕಂದಾಯದ ಫಲ ಎಂಬ ತಿಳಿವಳಿಕೆ ಈ ಮೂರು ಪದಗಳಲ್ಲಿ ಅಡಗಿದೆ. ಸರ್ಕಾರಿ ಶಾಲೆಯಲ್ಲಿ ಓದಿದ ಮಗು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ತನ್ನ ಸರದಿ ಬಂದಾಗ ಹೊರೆಗೆ ಹೆಗಲು ಕೊಟ್ಟರೆ ಸಾಕು.

ಇನ್ನು ವೇಷಧಾರಿ ಪದಗಳು. ಕರ್ನಾಟಕದ ಮಕ್ಕಳು ಇತಿಹಾಸದ ಪಾಠದಲ್ಲಿ ಸಹಾಯಕ ಸೈನ್ಯ ಪದ್ಧತಿಯನ್ನು ಓದಿಯೇ ಇರುತ್ತಾರೆ. ಅದರ ಬೆನ್ನಿಗಿರುವ ಇಂಗ್ಲಿಷ್ ಪದ ಸಬ್ಸಿಡಿ. ರೋಮನ್ನರ ಯುದ್ಧದಲ್ಲಿ ಹಿಂದೆ ಕುಳಿತು, ಮುಂದಿನವರು ಸೋತಾಗ ನೆರವಿಗೆ ಬರುವ ಪಡೆಯನ್ನು ಲ್ಯಾಟಿನ್ನಿನಲ್ಲಿ ಹಾಗೆ ಕರೆಯುತ್ತಿದ್ದರು. ಟಿಪ್ಪು ಸುಲ್ತಾನನ ಪತನದ ನಂತರ, 1799ರ ಒಪ್ಪಂದದಂತೆ, ಈ ಸಹಾಯಕ್ಕಾಗಿ ಮೈಸೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡಗಳನ್ನು ಕೊಡಬೇಕಾಯಿತು. ಸಹಾಯ ಪಡೆದವರೇ ಹಣ ಕೊಟ್ಟರು. ಸಹಾಯ ಮಾಡಿದವರು ಎಣಿಸಿಕೊಂಡರು. ಸಹಾಯ ಎಂಬ ಮಾತು ಕೇಳಿದಾಗ ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಬೇಕೆಂಬ ಪಾಠ ಅಲ್ಲಿಯೇ ಇದೆ.

ಆ ಪಾಠವನ್ನು ಕರ್ನಾಟಕದ ತಂದೆತಾಯಿಗಳು ಮತ್ತೊಮ್ಮೆ ಕಲಿತದ್ದು ಡೊನೇಷನ್ ಎಂಬ ಪದದಿಂದ. ಮೂಲದಲ್ಲಿ ಇದರಷ್ಟು ಚೆಲುವಾದ ಪದ ಇನ್ನೊಂದಿಲ್ಲ. ಲ್ಯಾಟಿನ್ನಿನ ಡೋನಮ್ ಮತ್ತು ಸಂಸ್ಕೃತದ ದಾನ ಒಂದೇ ಮೂಲದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಈ ನಂಟನ್ನು 1786ರಲ್ಲಿ ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಎತ್ತಿ ಹೇಳಿದ. ಔಷಧದ ಡೋಸ್ ಎಂದರೆ ಕೊಟ್ಟದ್ದು. ಆಂಟಿಡೋಟ್ ಎಂದರೆ ವಿಷಕ್ಕೆ ಎದುರಾಗಿ ಕೊಟ್ಟದ್ದು. ಹಾಜರಿ ಕಡಿಮೆಯಾದ ವಿದ್ಯಾರ್ಥಿಗಳು ಕಾಲೇಜಿನ ಕಿಟಕಿಯಲ್ಲಿ ಕೇಳುವ ಕಂಡೊನೇಷನ್ ಕೂಡ ಇದೇ ಮನೆಯದು, ತಪ್ಪನ್ನು ಬಿಟ್ಟುಕೊಡುವುದು. ಎಂಡೋಮೆಂಟ್ ಮತ್ತು ಅದಕ್ಕೆ ಕನ್ನಡದಲ್ಲಿ ಬಳಸುವ ದತ್ತಿ, ಎರಡೂ ಇದೇ ಮೂಲದಿಂದ ಬಂದು ಮತ್ತೆ ಒಂದೆಡೆ ಸೇರಿವೆ. ಜೆಮ್‌ಷೆಡ್‌ಜಿ ಟಾಟಾ ತಮ್ಮ ಆಸ್ತಿಯನ್ನು ದತ್ತಿಯಾಗಿ ಮೀಸಲಿಟ್ಟು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಸಂಸ್ಥೆಯ ಹೆಸರಿನಲ್ಲಿ ಟಾಟಾ ಎಂಬ ಪದವಿಲ್ಲದಿದ್ದರೂ ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಡೊನೇಷನ್ ಎಂದರೆ ಅದು.

ಆದರೆ ಇಂದು ಯಾವ ತಂದೆಯ ಮುಂದಾದರೂ ಡೊನೇಷನ್ ಎಂದು ನೋಡಿ. ಅವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಮುಖ ಬಾಡುತ್ತದೆ. ಸೀಟಿಗಾಗಿ ತೆರುವ ಹಣಕ್ಕೆ ಆ ಹೆಸರು ಅಂಟಿಕೊಂಡಿದೆ. ಇದರ ಕಾನೂನಿನ ಹೆಸರು ಕ್ಯಾಪಿಟೇಷನ್. ಕಾಪುಟ್ ಎಂದರೆ ತಲೆ. ಕ್ಯಾಪಿಟೇಷನ್ ಎಂದರೆ ಅಪ್ಪಟ ಕನ್ನಡದಲ್ಲಿ ತಲೆಗಂದಾಯ. ಅದನ್ನು ತಡೆಯಲು ಕರ್ನಾಟಕ 1984ರಲ್ಲಿಯೇ ಕಾಯಿದೆ ಮಾಡಿತು. ಬಳಿಕ ತುಮಕೂರಿನ ವೈದ್ಯಕೀಯ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿದಂತೆ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆಗಿನ ಸರ್ಕಾರಿ ಅಧಿಸೂಚನೆಯಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ. ಇದು ಬೇರೆ ಹೆಸರಿನ ಕ್ಯಾಪಿಟೇಷನ್ ಶುಲ್ಕವೇ ಎಂದು 1992ರಲ್ಲಿ ನ್ಯಾಯಾಲಯ ಹೇಳಿತು. ಮುಂದಿನ ವರ್ಷಗಳಲ್ಲಿ ತೀರ್ಪುಗಳು ಬದಲಾದವು, 1994ರಿಂದ ಸಿಇಟಿ ಬಂತು. ಆದರೆ ಪದಕ್ಕೆ ಹತ್ತಿದ ಕಿಲುಬು ಹೋಗಲಿಲ್ಲ. ಜುಲುಮೆಗೆ ಜುಲುಮೆ ಎಂದೇ ಹೆಸರಿದ್ದರೆ ಜನ ಎದುರು ನಿಲ್ಲಬಹುದು. ಅದಕ್ಕೆ ದಾನ ಎಂದು ಹೆಸರಿಟ್ಟರೆ, ಕೊಟ್ಟವನು ದಾನಿಯಾಗಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಕೊಟ್ಟವ ಕೋಡಂಗಿ, ಈಸಿಕೊಂಡವ ಈರಭದ್ರ ಎಂಬ ಗಾದೆ ಸಾಲದ ವಿಷಯಕ್ಕೆ ಹುಟ್ಟಿದ್ದಿರಬಹುದು; ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ.

ಪದ ತಿಳಿಯುವುದರಿಂದ ವಿದ್ಯಾರ್ಥಿಗೆ ಒಂದು ನೇರ ಪ್ರಯೋಜನವೂ ಇದೆ. ಅದು ಅರ್ಜಿ ಬರೆಯುವಾಗ. ಐ ಬೆಗ್ ಟು ಸ್ಟೇಟ್ ಎಂದು ಶುರುವಾಗಿ ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ಆಬ್ಲೈಜ್ ಎಂದು ಮುಗಿಯುವ ಅರ್ಜಿಗಳನ್ನು ತಲೆಮಾರುಗಳಿಂದ ಮಕ್ಕಳು ನಕಲು ಮಾಡುತ್ತಾ ಬಂದಿದ್ದಾರೆ. ಬೆಗ್ ಎಂದರೆ ಬೇಡುವುದು. ಆಬ್ಲೈಜ್ ಎಂದರೆ ಕಟ್ಟಿಹಾಕುವುದು; ಉಪಕಾರದ ಹಗ್ಗದಿಂದ. ಸ್ಕಾಲರ್‌ಷಿಪ್ ಭಿಕ್ಷೆಯಲ್ಲ. ಸ್ಕಾಲರ್, ಸ್ಕೂಲ್ ಪದಗಳ ಹಿಂದಿರುವ ಗ್ರೀಕ್ ಪದಕ್ಕೆ ಬಿಡುವು ಎಂದು ಅರ್ಥ. ಹೊಟ್ಟೆಪಾಡಿನ ಚಿಂತೆಯಿಂದ ಬಿಡುವು ಸಿಕ್ಕವನು ಮಾತ್ರ ಕಲಿಯಬಲ್ಲ. ಆ ಬಿಡುವನ್ನು ಬಡವನ ಮಗುವಿಗೂ ಕೊಡಿಸುವುದೇ ಸ್ಕಾಲರ್‌ಷಿಪ್.

ಅಂಬೇಡ್ಕರ್ 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಬದಲಿಗೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರಿತ್ತು. 1917ರಲ್ಲಿ ಕೆಲಸಕ್ಕೆಂದು ಬರೋಡಕ್ಕೆ ಬಂದಾಗ ಜಾತಿಯ ಕಾರಣದಿಂದ ಆ ಊರಿನಲ್ಲಿ ತಂಗಲು ಒಂದು ಮನೆ ಸಿಗಲಿಲ್ಲ. ಅರಸ ಕೈ ಎತ್ತಿ ಕೊಟ್ಟಿದ್ದ. ಊರು ಬಾಗಿಲು ತೆರೆಯಲಿಲ್ಲ. ಮುಂದೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ಓದಿಗೆ ಸರ್ಕಾರಿ ವಿದ್ಯಾರ್ಥಿವೇತನ ಆರಂಭವಾಯಿತು. ಒಬ್ಬ ಅರಸನ ಔದಾರ್ಯವಾಗಿದ್ದದ್ದು ಎಲ್ಲರ ತೆರಿಗೆಯ ಹಣದಿಂದ ನಡೆಯುವ ವ್ಯವಸ್ಥೆಯಾಯಿತು. ಅಂಥ ಅರ್ಜಿಯಲ್ಲಿ ಬೆಗ್ ಎಂಬ ಪದಕ್ಕೆ ಕೆಲಸವಿಲ್ಲ. ಐ ಅಪ್ಲೈ ಎಂದರೆ ಸಾಕು. ಕೊನೆಯಲ್ಲಿ ಒಂದು ಥ್ಯಾಂಕ್ ಯೂ.

ಇಂಗ್ಲಿಷಿನಲ್ಲಿ ಸಿಗದ ಪದಗಳೂ ಇವೆ. ವಾರಾನ್ನಕ್ಕೆ ಇಂಗ್ಲಿಷ್ ಪದವಿಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿ ಮುಂದೆ ಬಂದವರ ತಲೆಮಾರೇ ಇತ್ತು. ಕೆಲವು ಮನೆಗಳಲ್ಲಿ ತುಪ್ಪ ಬಿತ್ತು, ಕೆಲವು ಮನೆಗಳಲ್ಲಿ ಮಾತು ಬಿತ್ತು. ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಉಚಿತ ವಿದ್ಯಾರ್ಥಿನಿಲಯಗಳು ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ದಾಸೋಹಕ್ಕೂ ಇಂಗ್ಲಿಷ್ ಪದವಿಲ್ಲ. ಹನ್ನೆರಡನೆಯ ಶತಮಾನದ ಶರಣರಿಂದ ನೆಲೆಗೊಂಡ ಈ ಮಾತಿನಲ್ಲಿ ಕೊಡುವವನು ತಾನು ದಾಸನೆನ್ನುತ್ತಾನೆ. ಉಣ್ಣುವವನು ಮೇಲೆ, ಬಡಿಸುವವನು ಕೆಳಗೆ. ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟವರು ಒಳ್ಳೆಯ ಪದವನ್ನೇ ಆರಿಸಿದರು. ಮಿಡ್‌ಡೇ ಮೀಲ್ ಎಂಬ ಇಂಗ್ಲಿಷ್ ಹೆಸರಿನಲ್ಲಿ ಹೊತ್ತೂ ಊಟವೂ ಇವೆ. ಬಡಿಸುವ ಕೈ ಇಲ್ಲ.

ಪಡೆದವನು ಏನು ಮಾಡಬೇಕೆಂಬುದಕ್ಕೂ ಒಂದು ಪುಟ್ಟ ಪದ ಸಾಕು. ಇಂಗ್ಲಿಷಿನ ಥ್ಯಾಂಕ್ ಮತ್ತು ಥಿಂಕ್ ಒಂದೇ ಬೇರಿನವು. ಥ್ಯಾಂಕ್ಸ್ ಎಂದರೆ ಮೊದಲಿಗೆ ನೆನೆಯುವುದು, ಮನಸ್ಸಿನಲ್ಲಿಟ್ಟುಕೊಳ್ಳುವುದು. ಕನ್ನಡದಲ್ಲಿ ಉಪಕಾರಸ್ಮರಣೆ ಎನ್ನುವುದೂ ಅದನ್ನೇ. ಬಸ್ಸಿನಲ್ಲಿ ಕಾಲು ತುಳಿದು ಸಾರಿ, ಚಿಲ್ಲರೆ ಪಡೆದು ಥ್ಯಾಂಕ್ಸ್ ಎನ್ನುವ ಅಭ್ಯಾಸ ಮಕ್ಕಳಿಗೆ ಬೇಗ ಬರುತ್ತದೆ. ನೆನಪು ನಿಧಾನವಾಗಿ ಬರುತ್ತದೆ. ಸಮಾನಾರ್ಥಕಗಳ ಪಟ್ಟಿಯನ್ನು ಪರೀಕ್ಷೆಯ ಮರುದಿನ ಮರೆತರೂ ಅಡ್ಡಿಯಿಲ್ಲ. ಆ ಐದು ಗಂಟೆಗೆ ಎದ್ದು ಕಾಫಿ ಕಾಸಿ ಕೊಟ್ಟವರು ಯಾರು ಎಂಬುದು ನೆನಪಿದ್ದರೆ ಸಪೋರ್ಟ್ ಪದದ ಅರ್ಥ ತಿಳಿದಂತೆಯೇ.